ಹೆದರಿದ ಬೆನ್ನಿಗೆ

ಸೊಂಟನೋವು 12 ವಾರ ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ಅಷ್ಟರೊಳಗೆ ಮನೆಮಂದಿಯೆಲ್ಲ "ಬಗ್ಗಬೇಡ, ಎತ್ತಬೇಡ, ಸುಮ್ಮನೆ ಮಲಗಿಕೋ" ಅಂತ ಹೇಳೀ ಹೇಳೀ, ನೋವಿರುವವರಿಗೆ ತಮ್ಮ ಬೆನ್ನಿನ ಮೇಲಿನ ನಂಬಿಕೆಯೇ ಹೋಗಿರುತ್ತದೆ. ನೋವಿಗಿಂತ ಈ ಹೆದರಿಕೆ ನೋಡಿದರೇ ನನಗೆ ಹೆಚ್ಚು ಸಂಕಟ.

ಈ ನೋವಿನ ಬಗ್ಗೆ 1996ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರಾದ ಪಾಲ್ ಹಾಜಸ್ ಮತ್ತು ಕ್ಯಾರೊಲಿನ್ ರಿಚರ್ಡ್‌ಸನ್ ಒಂದು ಸೂಕ್ಷ್ಮವನ್ನು ದಾಖಲಿಸಿದರು. ನಾವು ಕೈ ಎತ್ತುವ ಮೊದಲೇ ಹೊಟ್ಟೆಯ ಆಳದ ಒಂದು ಸ್ನಾಯು ನಡುಪಟ್ಟಿಯಂತೆ ಬಿಗಿಯಾಗುತ್ತದೆ. ಸೊಂಟನೋವಿನವರಲ್ಲಿ ಅದು ತಡವಾಗುತ್ತದೆ! ಹೊಟ್ಟೆ, ಬೆನ್ನಿನ ಸ್ನಾಯುಗಳನ್ನು ಪಳಗಿಸುವ ಕೋರ್ ವ್ಯಾಯಾಮಗಳು ಇಷ್ಟು ಹಬ್ಬಿದ್ದಕ್ಕೆ ಈ ಶೋಧವೂ ಒಂದು ಕಾರಣ.

ಇಂಥ ವ್ಯಾಯಾಮ ಮಾಡುವುದಕ್ಕೆ ಒಂದು ಚಾಪೆ ಸಾಕು. ಅಂಬೆಗಾಲಿಡುವ ಮಗುವಿನ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ, ಸೊಂಟ ವಾಲದಂತೆ ಸುಮಾರು 10 ಸೆಕೆಂಡು ಹಿಡಿಯಬೇಕು. ಆಮೇಲೆ ಇನ್ನೊಂದು ಬದಿ. ಇದೇ ಬರ್ಡ್ ಡಾಗ್; ಕೆನಡಾದ ಬೆನ್ನುಮೂಳೆ ಸಂಶೋಧಕ ಸ್ಟುವರ್ಟ್ ಮೆಕ್‌ಗಿಲ್ ಹೇಳಿಕೊಟ್ಟ ಮೂರು ವ್ಯಾಯಾಮಗಳಲ್ಲಿ ಒಂದು. ಉಸಿರು ಮಾತ್ರ ಕಟ್ಟಬೇಡಿ.

ಕೋರ್ ವ್ಯಾಯಾಮವೊಂದೇ ಮದ್ದು ಎಂದು ನಾನು ಹೇಳಲಾರೆ. ಆಮೇಲಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ದೀರ್ಘಾವಧಿಯಲ್ಲಿ ಬೇರೆ ವ್ಯಾಯಾಮಗಳಿಗಿಂತ ಇದರಿಂದ ಹೆಚ್ಚಿನ ಲಾಭ ಕಂಡಿಲ್ಲ. ನನಗಂತೂ ಇದು ಸಂತೋಷದ ಸುದ್ದಿ. ನಡಿಗೆಯೋ ಈಜೋ ಯೋಗವೋ, ನಿಮಗೆ ಬಿಡದೆ ಮಾಡಲು ಸಾಧ್ಯವಾಗುವುದನ್ನೇ ಆರಿಸಿಕೊಳ್ಳಿ. ಹೇಗೆ ಶುರುಮಾಡುವುದೆಂದು ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕೇಳಿ. ಕಾಲಿನ ಬಲ ಕುಗ್ಗಿದರೆ, ತೊಡೆಸಂದಿ ಜೋಮು ಹಿಡಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಎಲ್ಲ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.