ಕಡೆದ ಕಂಬ, ಕಡೆದ ಕಡಲು

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೊದಲು ಕುಣಿಮಗ್ಗವಿತ್ತು. ಮಾವನವರು ತೀರಿಕೊಂಡ ಮೇಲೆ ಮಗ್ಗ ಬಿಚ್ಚಿ, ಕುಣಿ ಮುಚ್ಚಿ, ಫರ್ಸಿ ಹಾಕಿಸಿದೆವು. ಆ ಜಾಗದ ಗೋಡೆಗೆ ಈ ಸಲದ ದೀಪಾವಳಿಯಲ್ಲಿ ಮಗಳು ಒಂದು ನಕ್ಷೆ ಅಂಟಿಸಿದಳು. ಚೌಕದೊಳಗೆ ಚೌಕ, ಅದರೊಳಗೆ ಇನ್ನೊಂದು ಚೌಕ, ಎಲ್ಲದರ ಸುತ್ತ ನೀರಿನ ಕಂದಕ. ಕಾಂಬೋಡಿಯಾದ ಅಂಕೋರ್ ವಾಟ್. ಬರುವ ಜನವರಿಯಲ್ಲಿ ನಾವು ನಾಲ್ಕು ಜನ ಅಲ್ಲಿಗೆ ಹೊರಟಿದ್ದೇವೆ: ನಾನು, ನಮ್ಮವರು, ಎಂಟನೆಯ ತರಗತಿಯ ಮಗಳು, ಮತ್ತು ಅರವತ್ತೆಂಟು ವರ್ಷದ ನಮ್ಮ ಅತ್ತೆ.

ಹುಬ್ಬಳ್ಳಿಗೆ ಹೋಗಿ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದೆವು. ಬೆಂಗಳೂರಿನಿಂದ ಬ್ಯಾಂಕಾಕ್, ಅಲ್ಲಿಂದ ಸಿಯೆಮ್ ರೀಪ್ ಎಂದು ದಾರಿ ಗೊತ್ತಾಯಿತು. ಗುಡಿಗಳನ್ನು ನೋಡಲು ಒಂದು ದಿನದ ಪಾಸಿಗೆ 37 ಡಾಲರ್, ಮೂರು ದಿನದ್ದಕ್ಕೆ 62. ನಮ್ಮವರು ಲೆಕ್ಕ ಹಾಕುತ್ತ ಕೂತಾಗ ಮೂರು ದಿನದ್ದೇ ಇರಲಿ ಎಂದು ಹಟ ಹಿಡಿದವಳು ನಾನು. ಆ ಗುಡಿಯ ಆವರಣ ಹತ್ತಿರ ಹತ್ತಿರ ನಾಲ್ಕುನೂರು ಎಕರೆ. ಕಂದಕದ ಅಗಲವೇ 190 ಮೀಟರ್. ನಡುಗೋಪುರ ನೆಲದಿಂದ 65 ಮೀಟರ್ ಎತ್ತರ, ಅದರ ಬುಡಕ್ಕೆ ಹೋಗುವ ಮೆಟ್ಟಿಲುಗಳು ನಿಚ್ಚಣಿಕೆಯಷ್ಟು ಕಡಿದು. ಇದನ್ನೆಲ್ಲ ಓದಿ ಹೇಳಿದಾಗ ಅತ್ತೆ ಮೊಣಕಾಲು ನೀವಿಕೊಂಡು, "ಹಂಗಾರ ಈಗಿಂದ ನಡದು ರೂಢಿ ಮಾಡ್ಕೋಬೇಕು ನೋಡವಾ" ಎಂದರು.

ಹಾಗೆ ಶುರುವಾದದ್ದು ನಮ್ಮ ಭಾನುವಾರದ ತಿರುಗಾಟ. ಕಾಲಿಗೆ ರೂಢಿಯಾಗಲಿ ಎಂದು ಹೊರಟೆವು. ರೂಢಿಯಾದದ್ದು ಕಣ್ಣಿಗೆ.

ಮೊದಲ ಭಾನುವಾರ ಗದುಗಿನಲ್ಲೇ. ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವ ತ್ರಿಕೂಟೇಶ್ವರ, ಅದರ ಮಗ್ಗುಲಲ್ಲಿ ಸರಸ್ವತಿಯ ಗುಡಿ, ಸಂಜೆಗೆ ಕುಮಾರವ್ಯಾಸನ ಕಂಬವಿರುವ ವೀರನಾರಾಯಣ. ಮದುವೆಯಾಗಿ ಬಂದ ಮೇಲೆ ಎಷ್ಟು ಸಲ ಕೈಮುಗಿದಿದ್ದೇನೋ ಲೆಕ್ಕವಿಲ್ಲ. ಆದರೆ ಸರಸ್ವತಿಯ ಗುಡಿಯ ಮುಂದಿನ ಕಂಬಗಳನ್ನು ಬುಡದಿಂದ ತುದಿಯವರೆಗೆ ನಿಂತು ನೋಡಿದ್ದು ಅಂದೇ. ಒಂದೊಂದು ಕಂಬಕ್ಕೂ ಅಕ್ಕಸಾಲಿಗನ ಕೈ ತಾಗಿದಂತಿದೆ. ಒಳಗೆ ಮೂರ್ತಿ ಭಗ್ನವಾಗಿದೆ. ಆದರೂ ಉಡುಗೆಯ ಅಂಚಿನ ಕುಸುರಿ ಕಾಣುವಷ್ಟು ಉಳಿದಿದೆ. ಅತ್ತೆ ಬಗ್ಗಿ ಆ ಅಂಚನ್ನೇ ಬಹಳ ಹೊತ್ತು ನೋಡಿದರು. ಸೀರೆಯ ಅಂಚು ನೇಯುವ ಮನೆಯಲ್ಲಿ ಬದುಕು ಕಳೆದವರು ಅವರು.

ಎರಡನೆಯ ಭಾನುವಾರ ಲಕ್ಕುಂಡಿ. ಗದುಗಿನಿಂದ ಹನ್ನೆರಡು ಕಿಲೋಮೀಟರ್. ನೂರೊಂದು ಗುಡಿ, ನೂರೊಂದು ಬಾವಿ ಎಂದು ನಮ್ಮ ಕಡೆ ಹೇಳುವ ಊರು. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇಲ್ಲಿದೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದ ತಾಯಿ ಅವಳು. ಒಂದೊಂದು ಓಲೆಯನ್ನೂ ಕೈಯಲ್ಲೇ ಬರೆಯಬೇಕಿದ್ದ ಕಾಲದ ಸಾವಿರ ಅದು. ಇದನ್ನು ಮಗಳಿಗೆ ಹೇಳುವಾಗ ನನ್ನ ಮೈ ಜುಮ್ಮೆಂದಿತು. ಮಾಣಿಕೇಶ್ವರದ ಮುಂದಿನ ಮುಸುಕಿನ ಬಾವಿಯ ಮೆಟ್ಟಿಲುಗಳನ್ನು ಅತ್ತೆ ಎರಡು ಸಲ ಇಳಿದು ಹತ್ತಿದರು, ಅಂಕೋರಿನ ಹೆಸರು ಹೇಳುತ್ತ.

ಆದರೆ ಆ ದಿನ ನಮ್ಮನ್ನು ಹಿಡಿದು ನಿಲ್ಲಿಸಿದ್ದು ನನ್ನೇಶ್ವರ ಗುಡಿಯ ಕಂಬಗಳು. ಬಾದಾಮಿ, ಪಟ್ಟದಕಲ್ಲುಗಳಲ್ಲಿ ಮರಳುಗಲ್ಲು. ಲಕ್ಕುಂಡಿಯಲ್ಲಿ ಬಳಪದ ಕಲ್ಲು. ನುಣುಪಾದ, ಉಳಿಗೆ ಬಾಗುವ, ಹಸಿರು ಛಾಯೆಯ ಕಲ್ಲು. ಕಂಬದ ನಡುವಿನ ಭಾಗ ಗಂಟೆಯಂತೆ ಉಬ್ಬಿ, ಕೆಳಗೆ ಸಣ್ಣಗಾಗಿ, ಮತ್ತೆ ಬಳೆಬಳೆಯಾಗಿ ಅಗಲಿಸುತ್ತದೆ. ಬಳೆಗಳ ಸಂದು ಎಷ್ಟು ಚೂಪೆಂದರೆ ಅಲ್ಲಿ ಕಾಗದ ನಿಲ್ಲಿಸಬಹುದು. ಬಿಸಿಲು ಓರೆಯಾಗಿ ಬಿದ್ದಾಗ ಆ ಹೊಳಪಿನಲ್ಲಿ ನಮ್ಮ ನೆರಳು ಆಡಿತು. ಮಗಳು, "ಇಷ್ಟು ಗುಂಡಗ ಹೆಂಗ ಕೆತ್ತಿದ್ರು ಆಯಿ?" ಎಂದು ಅಜ್ಜಿಯನ್ನೇ ಕೇಳಿದಳು.

ಅತ್ತೆ ಅಂಗೈಯನ್ನು ಕಂಬದ ಬಳೆಗೆ ಹಚ್ಚಿ ಸುತ್ತ ಒಂದು ಸುತ್ತು ನಡೆದರು. ನಲವತ್ತು ವರ್ಷ ರಾಟಿ ತಿರುಗಿಸಿ ಕಂಡಿಕಿ ಸುತ್ತಿದ ಕೈ ಅದು.

"ಇದನ್ನ ಕೆತ್ತಿಲ್ಲವಾ, ಕಡದಾರ. ಮಜ್ಜಿಗಿ ಕಡದಂಗ. ಕಲ್ಲು ತಿರಗೇತಿ, ಉಳಿ ನಿಂತೇತಿ."

ಅವರು ಹೇಳಿದ್ದು ಅಕ್ಷರಶಃ ನಿಜ. ಕಲ್ಯಾಣ ಚಾಲುಕ್ಯರ ಕಾಲದ ಈ ಕಂಬಗಳನ್ನು ಮೊದಲು ಒರಟಾಗಿ ಕೆತ್ತಿಕೊಂಡು, ಆಮೇಲೆ ತಿರುಗಣೆಗೆ ಹಾಕಿ, ಕಲ್ಲು ಸುತ್ತುತ್ತಿರುವಾಗ ಉಳಿ ಒತ್ತಿಹಿಡಿದು ರೂಪ ಕೊಟ್ಟರೆಂದು ಬಲ್ಲವರು ಹೇಳುತ್ತಾರೆ. ಮರದ ಗೊಂಬೆ ಕಡೆಯುವ ಹಳೆಯ ಚರಕಿಯಲ್ಲಿ ಹಗ್ಗ ಸುತ್ತಿ ಆಚೆ ಈಚೆ ಎಳೆಯುತ್ತಾರಲ್ಲ, ಅದೇ ತತ್ವ. ಎತ್ತಲು ಹತ್ತಾರು ಜನ ಬೇಕಾಗುವ ಕಲ್ಲನ್ನು ಮಜ್ಜಿಗೆಯ ಕಡಗೋಲಿನಂತೆ ತಿರುಗಿಸಿದ ಆ ಕೈಗಳನ್ನು ನೆನೆದು ನಾವು ಮೂವರೂ ಸುಮ್ಮನೆ ಕಟ್ಟೆಯ ಮೇಲೆ ಕೂತೆವು. ಬುತ್ತಿ ಬಿಚ್ಚುವುದೂ ಮರೆತಿತ್ತು.

ಆ ರಾತ್ರಿ ಅಂಕೋರಿನ ಪುಸ್ತಕ ತೆಗೆದೆ. ಅಲ್ಲಿ ಪೂರ್ವದ ಪಡಸಾಲೆಯ ಗೋಡೆಯ ಮೇಲೆ 49 ಮೀಟರ್ ಉದ್ದಕ್ಕೆ ಒಂದೇ ಕಥೆಯಿದೆ: ಸಮುದ್ರ ಮಥನ. ಮಂದರವೇ ಕಡಗೋಲು, ವಾಸುಕಿಯೇ ಹಗ್ಗ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು, ನಡುವೆ ವಿಷ್ಣು. ಚಿತ್ರದಲ್ಲಿ ಒಂದೇ ಅಳತೆಯ ತೋಳುಗಳು, ಒಂದೇ ಬಾಗು, ಸಾಲಾಗಿ ಹಾವನ್ನು ಎಳೆಯುತ್ತಿವೆ. ನಮ್ಮ ಭಾಷೆಯಲ್ಲಿ ಮೊಸರು ಕಡೆಯುವುದಕ್ಕೂ ಕಂಬ ಕಡೆಯುವುದಕ್ಕೂ ಕಡಲು ಕಡೆಯುವುದಕ್ಕೂ ಒಂದೇ ಮಾತು. ಇಷ್ಟು ವರ್ಷ ಆಡಿದ ಮಾತೇ ಅದು. ಅದರ ಒಳಗೆ ಇಷ್ಟು ದೊಡ್ಡ ಚಕ್ರ ತಿರುಗುತ್ತಿದೆ ಎಂದು ಲಕ್ಕುಂಡಿಯ ಆ ಕಂಬ ಮುಟ್ಟುವವರೆಗೆ ನನಗೆ ಹೊಳೆದಿರಲಿಲ್ಲ. ಅಂಕೋರಿನ ಗೋಡೆಯ ಮೇಲೆ ಕಥೆಯಾಗಿ ನಿಂತದ್ದು ಇಲ್ಲಿ ಕೆಲಸವಾಗಿ ನಿಂತಿದೆ.

ಮೂರನೆಯ ಭಾನುವಾರ ಲಕ್ಷ್ಮೇಶ್ವರದ ದಾರಿ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯಲ್ಲಿ ಬೆಳಗಿನ ಮಂಜಿನೊಳಗೆ ಪಟ್ಟೆತಲೆ ಹೆಬ್ಬಾತುಗಳು ತೇಲುತ್ತಿದ್ದವು. ಹಿಮಾಲಯ ದಾಟಿ ಚಳಿಗಾಲ ಕಳೆಯಲು ಬರುವ ಹಕ್ಕಿಗಳು. ರಾತ್ರಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಬೆಳಕಾದರೆ ನೀರಿಗೆ ಮರಳುತ್ತವೆ. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿ ಸೇರಿತು. ಶಿರಹಟ್ಟಿಯಲ್ಲಿ ಫಕೀರೇಶ್ವರನ ಮಠಕ್ಕೆ ನಮಸ್ಕರಿಸಿ ಮುಂದೆ ಹೋದೆವು. ಹೆಸರಿನಲ್ಲೇ ಫಕೀರನೂ ಈಶ್ವರನೂ ಕೂಡಿರುವ ಮಠ, ಎರಡೂ ಧರ್ಮದವರು ನಡೆದುಕೊಳ್ಳುವ ಜಾಗ.

ಲಕ್ಷ್ಮೇಶ್ವರ ಎಂದರೆ ಪುಲಿಗೆರೆ. ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಯಿಂದ ಹೇಳಿಕೊಂಡ ಊರು. ಇಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನ ಮಾತನ್ನೂ ನಾನು ಕಿವಿಗೊಟ್ಟು ಕೇಳಿದೆ, ಸಾವಿರ ವರ್ಷದ ಹಿಂದೆ ಒಬ್ಬ ಕವಿ ಹಾಗೆ ಕಿವಿಗೊಟ್ಟಿದ್ದನಲ್ಲ ಎಂದು. ಸೋಮೇಶ್ವರ ಗುಡಿಗೆ ಕೋಟೆಯಂಥ ಎತ್ತರದ ಪೌಳಿ. ಒಳಗೆ ಶಿವ ಪಾರ್ವತಿ ನಂದಿಯ ಮೇಲೆ ಕೂತಿದ್ದಾರೆ. ಸೌರಾಷ್ಟ್ರದಿಂದ ಆದಯ್ಯ ತಂದ ಸೋಮನಾಥ ಎಂಬುದು ಜನರ ನಂಬಿಕೆ. ಮೇ ಕೊನೆಯ ವಾರದ ಬೆಳಗುಗಳಲ್ಲಿ ಸೂರ್ಯನ ಕಿರಣ ಬಾಗಿಲು ದಾಟಿ ಒಳಗೆ ಬಂದು ಆ ಮೂರ್ತಿಯ ಮೇಲೆ ಬೀಳುತ್ತದೆ ಎಂದು ಅಲ್ಲಿಯವರು ಕೈಯಿಂದ ಬೆಳಕಿನ ದಾರಿ ತೋರಿಸಿ ಹೇಳಿದರು. ಅಂಕೋರ್ ವಾಟ್‌ನಲ್ಲೂ ಹಗಲಿರುಳು ಸಮವಾಗುವ ಮಾರ್ಚ್ ತಿಂಗಳ ದಿನ ಸೂರ್ಯ ನಡುಗೋಪುರದ ನೆತ್ತಿಯ ಮೇಲೆ ಮೂಡುತ್ತಾನೆ, ಅದನ್ನು ನೋಡಲು ಕತ್ತಲಲ್ಲೇ ಸಾವಿರಾರು ಜನ ಬಂದು ನಿಲ್ಲುತ್ತಾರೆ. ಜನವರಿಯ ಪ್ರಯಾಣದಲ್ಲಿ ನಮಗೆ ಅದು ಸಿಗುವುದಿಲ್ಲ. ಮೇ ತಿಂಗಳ ಪುಲಿಗೆರೆ ಮಾತ್ರ ಸಿಕ್ಕೇ ಸಿಗುತ್ತದೆ. ಪಂಚಾಂಗದಲ್ಲಿ ಆಗಲೇ ಗುರುತು ಹಾಕಿದ್ದೇನೆ.

ಡಂಬಳವನ್ನು ಕೊನೆಗೆ ಇಟ್ಟುಕೊಂಡಿದ್ದೆವು. ಮುಂಡರಗಿ ತಾಲ್ಲೂಕು, ಕಪ್ಪತಗುಡ್ಡದ ಮಗ್ಗುಲು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಕೆಳಗೆ ಕರಿನೆಲದಲ್ಲಿ ಜೋಳ ಹಸಿರಾಗಿ ನಿಂತಿತ್ತು. ದೊಡ್ಡಬಸಪ್ಪನ ಗುಡಿಯ ಮುಂದೆ ಇಳಿದಾಗ ಮೊದಲ ನೋಟಕ್ಕೆ ಅದು ಗುಡಿಯಂತೆ ಕಾಣಲಿಲ್ಲ, ನಿಂತಲ್ಲೇ ಸುತ್ತುತ್ತಿರುವ ಬುಗುರಿಯಂತೆ ಕಂಡಿತು. ಗೋಡೆ ಎಲ್ಲೂ ನೆಟ್ಟಗಿಲ್ಲ. ಮೊನೆ, ಸಂದು, ಮೊನೆ, ಸಂದು ಎಂದು ಮಡಿಸುತ್ತ ಮಡಿಸುತ್ತ ಗರ್ಭಗುಡಿಯನ್ನು ಸುತ್ತುತ್ತದೆ. ಅದೇ ಮಡಿಕೆಗಳು ಏಳು ಅಂತಸ್ತಿನ ಶಿಖರದವರೆಗೂ ಏರುತ್ತವೆ. ಇಪ್ಪತ್ನಾಲ್ಕು ಮೊನೆಯ ನಕ್ಷತ್ರ. ಮುಂದಿನ ಮಂಟಪ ಕೂಡುವಲ್ಲಿ ಕೆಲವು ಮೊನೆಗಳು ಕಾಣುವುದಿಲ್ಲ, ಆದ್ದರಿಂದ ಎಣಿಸುತ್ತ ಹೋದ ಮಗಳಿಗೆ ಲೆಕ್ಕ ತಪ್ಪಿತು. ಸೀಮೆಸುಣ್ಣ ತೆಗೆದು ಹೊರಗಿನ ಕಲ್ಲಿನ ಮೇಲೆ ಬರೆಯತೊಡಗಿದಳು.

"ಒಂದು ಚೌಕ ಬರಿ," ಎಂದರು ಅತ್ತೆ. "ನಡುವಿನ ಚುಕ್ಕಿ ಬಿಡಬ್ಯಾಡ. ಈಗ ಅದನ್ನ ಒಂದೀಟು ತಿರವಿ ಇನ್ನೊಂದು ಚೌಕ ಬರಿ. ಮತ್ತೊಂದೀಟು ತಿರವು."

ಮಗಳು ಕೋನಮಾಪಕ ಇಟ್ಟು ಹದಿನೈದು ಹದಿನೈದು ಡಿಗ್ರಿ ತಿರುಗಿಸಿದಳು. ಆರು ಚೌಕ. ಒಂದೊಂದಕ್ಕೆ ನಾಲ್ಕು ಮೂಲೆ. ಇಪ್ಪತ್ನಾಲ್ಕು. ಆರನೆಯ ಚೌಕದ ಕೊನೆಯ ಗೆರೆ ಕೂಡಿದಾಗ ನೆಲದ ಮೇಲೆ ದೊಡ್ಡಬಸಪ್ಪನ ಗುಡಿಯೇ ಬಿಡಿಸಿಕೊಂಡಿತು. ತಲೆ ಎತ್ತಿ ಗೋಡೆ ನೋಡಿದೆ: ಮೊನೆಗಳೆಲ್ಲ ಕಾಟಕೋನ. ಒಂದೇ ಚೌಕವನ್ನು ಒಂದೇ ಚುಕ್ಕಿಯ ಸುತ್ತ ತಿರುಗಿಸಿದ ಗುಡಿ! ಕಂಬವನ್ನು ಕಲ್ಲಿನಲ್ಲಿ ಕಡೆದವರು ಇಲ್ಲಿ ಗುಡಿಯನ್ನೇ ಮನಸ್ಸಿನಲ್ಲಿ ಕಡೆದಿದ್ದರು. ಅಂಕೋರಿನ ನಕ್ಷೆಯ ಚೌಕಗಳು ಒಂದರೊಳಗೊಂದು ಸುಮ್ಮನೆ ಕೂತಿವೆ, ಡಂಬಳದ ಚೌಕಗಳು ಆಡುತ್ತವೆ. ಯಾವುದು ಹೆಚ್ಚು ಎಂಬ ಮಾತು ಆಗ ಬರಲಿಲ್ಲ, ಈಗಲೂ ಇಲ್ಲ. ಎರಡನ್ನೂ ಕಾಣುವ ಭಾಗ್ಯ ಒಂದೇ ವರ್ಷದಲ್ಲಿ ಬಂತಲ್ಲ ಎಂದು ಎದೆ ತುಂಬಿತ್ತು.

ಎರಡೂ ಹೆಚ್ಚು ಕಡಿಮೆ ಒಂದೇ ಕಾಲದವು. 1113ರಲ್ಲಿ ಅಂಕೋರ್ ವಾಟ್ ಕಟ್ಟಿಸಿದ ಎರಡನೆಯ ಸೂರ್ಯವರ್ಮ ಅಲ್ಲಿ ಪಟ್ಟಕ್ಕೆ ಬಂದಾಗ ಇಲ್ಲಿ ಆರನೆಯ ವಿಕ್ರಮಾದಿತ್ಯ ಕಲ್ಯಾಣದಿಂದ ಆಳುತ್ತಿದ್ದ. ನಮ್ಮ ಶಾಸನಗಳು ಅವನ ಹೆಸರಿನ ವರ್ಷಗಳನ್ನೇ ಎಣಿಸುತ್ತಿದ್ದವು. ಆಗ ಡಂಬಳದ ಹೆಸರು ಧರ್ಮವೊಳಲು, ವ್ಯಾಪಾರಿಗಳ ಊರು. 1095ರ ಇಲ್ಲಿನ ಶಾಸನವೊಂದು ಹದಿನಾರು ಸೆಟ್ಟಿಗಳು ಬುದ್ಧನಿಗೆ ವಿಹಾರ ಕಟ್ಟಿಸಿದ್ದನ್ನು, ತಾರಾದೇವಿಗೂ ಇಲ್ಲಿ ನೆಲೆಯಿದ್ದುದನ್ನು ಹೇಳುತ್ತದೆ. ತಾರೆ ಎಂದರೆ ದಾಟಿಸುವವಳು, ಹಡಗು ಒಡೆಯುವ ಭಯದಿಂದ ಕಾಯುವವಳು ಎಂದು ಬೌದ್ಧರು ನೆನೆದ ದೇವಿ. ಕಡಲಿನಿಂದ ಇಷ್ಟು ದೂರದ ಈ ಎರೆಹೊಲಗಳ ನಡುವೆ ಅವಳಿಗೇನು ಕೆಲಸ ಎಂದು ಕೇಳಬಹುದು. ಆ ಶಾಸನಕ್ಕೆ ಏಳು ವರ್ಷ ಮೊದಲು, 1088ರಲ್ಲಿ, ಸುಮಾತ್ರಾ ದ್ವೀಪದ ಬರೂಸ್ ಬಳಿ ಐನೂರ್ವರೆಂಬ ವ್ಯಾಪಾರಿ ಸಂಘದವರು ತಮಿಳಿನಲ್ಲಿ ಒಂದು ಶಾಸನ ಹಾಕಿಸಿದ್ದರು. ಆ ಐನೂರ್ವರ ಮೂಲದ ಊರು ಅಯ್ಯಾವೊಳೆ, ಅಂದರೆ ನಮ್ಮ ಐಹೊಳೆ. ಡಂಬಳದ ಸೆಟ್ಟಿಗಳು ಹಡಗು ಹತ್ತಿದ್ದರೆಂದು ನಾನು ಹೇಳಲಾರೆ. ಆದರೆ ಪೇಟೆಯಿಂದ ಪೇಟೆಗೆ, ಕೈಯಿಂದ ಕೈಗೆ ಸರಕು ದಾಟುವಾಗ ಆ ಕಡಲಿನ ಸುದ್ದಿ ಈ ಊರಿನ ಕಟ್ಟೆಗೂ ಬರುತ್ತಿತ್ತೆಂದು ಆ ಮಧ್ಯಾಹ್ನ ನನಗೆ ಗಟ್ಟಿಯಾಗಿ ಅನ್ನಿಸಿತು. ನಾವು ಬೋರ್ಡಿಂಗ್ ಪಾಸ್ ಹಿಡಿದು ಹೊರಡಲಿರುವ ದಿಕ್ಕು ನಮ್ಮ ನಾಡಿಗೆ ಹೊಸದಲ್ಲ.

ಗುಡಿಯ ಮಗ್ಗುಲಲ್ಲಿ ಪುರಾತತ್ವ ಇಲಾಖೆಯ ನೀಲಿ ಫಲಕ ನಿಂತಿದೆ. ಇದೇ ಇಲಾಖೆಯ ತಂಡ 1986ರಿಂದ 1993ರವರೆಗೆ ಅಂಕೋರ್ ವಾಟ್‌ನ ಕಲ್ಲುಗಳನ್ನು ತೊಳೆದು, ಕೂಡಿಸಿ, ನಿಲ್ಲಿಸುವ ಕೆಲಸ ಮಾಡಿತು. ಆಮೇಲೆ ಮರದ ಬೇರುಗಳು ಅಪ್ಪಿಕೊಂಡಿರುವ ತಾ ಪ್ರೊಹ್ಮ್ ಗುಡಿಯಲ್ಲೂ. ಅಂತರ್ಯುದ್ಧದ ಗಾಯ ಇನ್ನೂ ಮಾಯದ ದೇಶಕ್ಕೆ ಹೋಗಿ ಏಳು ವರ್ಷ ಕಲ್ಲಿನ ಸೇವೆ ಮಾಡಿದವರು ಅವರು. ಜನವರಿಯಲ್ಲಿ ಅಲ್ಲಿ ನಿಂತಾಗ ಅವರನ್ನು ನೆನೆಯಬೇಕು ಎಂದು ಮಗಳ ವಹಿಯಲ್ಲಿ ಬರೆಸಿದ್ದೇನೆ.

ಸೀಮೆಸುಣ್ಣದ ನಕ್ಷತ್ರವನ್ನು ಬಾಟಲಿಯ ನೀರು ಹಾಕಿ ಒರೆಸಿ, ಕೆರೆಯ ಏರಿಯ ಕಡೆ ಹೋಗಿ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು. ವಿಮಾನಕ್ಕೂ ಇದೇ ಬುತ್ತಿ, ಮೊಸರೊಂದು ಬಿಟ್ಟು.

ಈಗ ಹೊರಡಲು ಹದಿನೆಂಟು ದಿನ ಉಳಿದಿವೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆಯಿಲ್ಲದೆ ಗುಡಿಯೊಳಗೆ ಬಿಡುವುದಿಲ್ಲವೆಂದು ಮಗಳಿಗೆ ಹೊಸ ಚೂಡಿ ಹೊಲಿಯಲು ಹಾಕಿದೆ. ಅತ್ತೆ ತಮಗೆ ಕೈಮಗ್ಗದ ಸೀರೆಯೇ ಸಾಕೆಂದಿದ್ದಾರೆ. ನಿನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳದಲ್ಲಿ ಇಪ್ಪತ್ನಾಲ್ಕು ಮೊನೆಯ ರಂಗೋಲಿ, ನಡುವೆ ಒಂದು ಚುಕ್ಕಿ. ಅತ್ತೆ ಮೆಟ್ಟಿಲ ಮೇಲೆ ಕೂತು ಬೆರಳಿನ ಪುಡಿ ಉದುರಿಸಿಕೊಳ್ಳುತ್ತಿದ್ದರು.

"ಆ ಗ್ವಾಡಿ ಮ್ಯಾಲಿನ ಚಿತ್ರ ಎಷ್ಟು ಉದ್ದ ಅಂದಿ?"

"ನಲವತ್ತೊಂಬತ್ತು ಮೀಟರ್ ಅತ್ತೀ."

ಅವರು ಕಣ್ಣು ಮುಚ್ಚಿ ತುಟಿಯಲ್ಲೇ ಲೆಕ್ಕ ಹಾಕಿದರು. ಮೀಟರನ್ನು ಗಜ ಮಾಡಿ, ಗಜವನ್ನು ಒಂಬತ್ತರಿಂದ ಭಾಗಿಸುತ್ತಿದ್ದರೆಂದು ಆಮೇಲೆ ತಿಳಿಯಿತು.

"ಆರು ಸೀರಿ," ಎಂದರು. "ಒಂಬತ್ತು ಗಜದ ಆರು ಸೀರಿ ಸಾಲಾಗಿ ಹಾಸಿದಷ್ಟು. ಅಷ್ಟುದ್ದಕ್ಕೂ ಎಲ್ಲಿಯೂ ಎಳಿ ತಪ್ಪಿಲ್ಲಂತೇನು?"