ನೀಲಿ ಪರದೆಯ ವರ್ಷಗಳು

2000ದ ದಶಕದ ಆರಂಭದಲ್ಲಿ ಅರಸೀಕೆರೆ ಸುತ್ತಿನ ಕೆಲವು ಸರ್ಕಾರಿ ಹೈಸ್ಕೂಲುಗಳ ಒಂದು ಕೋಣೆಗೆ ಮಾತ್ರ ಕಬ್ಬಿಣದ ಗ್ರಿಲ್ ಬಾಗಿಲು ಬಂತು. ಕಿಟಕಿಗೆ ಜಾಲರಿ, ನೆಲಕ್ಕೆ ಮ್ಯಾಟು, ಹೊಸ್ತಿಲಾಚೆ ಸಾಲಾಗಿ ಬಿಟ್ಟ ಚಪ್ಪಲಿ. ರಾಜ್ಯದ ಸಾವಿರ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕಲಿಸಲು ಹೊರಟ ‘ಮಾಹಿತಿ ಸಿಂಧು’ ಯೋಜನೆಯ ಕಾಲ ಅದು. ಒಂದೊಂದು ಯಂತ್ರದ ಮುಂದೆ ನಾಲ್ಕೈದು ಮಕ್ಕಳು. ಮೌಸ್ ಹಿಡಿಯುವ ಸರದಿ ಬರುವಷ್ಟರಲ್ಲಿ ಬೆಲ್ ಹೊಡೆದಿರುತ್ತಿತ್ತು. ಪೇಂಟಿನಲ್ಲಿ ಮನೆ, ತೆಂಗಿನಮರ, ಸೂರ್ಯನನ್ನು ಬರೆದರೆ ಆ ವಾರದ ಪಾಠ ಮುಗಿಯಿತು. ಆದರೂ ‘ನುಡಿ’ ತಂತ್ರಾಂಶದಲ್ಲಿ ತನ್ನ ಹೆಸರನ್ನು ಕನ್ನಡದಲ್ಲೇ ಮೂಡಿಸಿದ ಹುಡುಗಿಯೊಬ್ಬಳು ಕುರ್ಚಿಯಿಂದೆದ್ದು ಇಡೀ ಕ್ಲಾಸನ್ನು ಕರೆದು ತೋರಿಸಿದ್ದನ್ನು ನಾನು ಕಂಡಿದ್ದೇನೆ.

ಅಲ್ಲಿ ಪಾಠ ಹೇಳುತ್ತಿದ್ದವರು ಶಾಲೆಯ ಮೇಷ್ಟ್ರಲ್ಲ. ಊರಿನ ಕಂಪ್ಯೂಟರ್ ಸೆಂಟರಿನಲ್ಲಿ ಡಿಪ್ಲೊಮಾ ಮುಗಿಸಿದ, ಕಂಪನಿಯೊಂದು ನೇಮಿಸಿದ ಯುವಕ, ಯುವತಿಯರು. 2004ರ ಕೊನೆಯಲ್ಲಿ ಕೇಂದ್ರದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ಬಂದ ಮೇಲೂ ಏರ್ಪಾಡು ಹೆಚ್ಚುಕಡಿಮೆ ಹೀಗೇ ಮುಂದುವರಿಯಿತು. ಗುತ್ತಿಗೆ ಹಿಡಿದ ಸಂಸ್ಥೆ ಯಂತ್ರ ತಂದು ಕೂರಿಸಬೇಕು, ತಾನೇ ಆಳಿಟ್ಟು ಕೆಲವು ವರ್ಷ ನಡೆಸಬೇಕು, ಅವಧಿ ತೀರಿದಾಗ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗಬೇಕು. ಒಪ್ಪಿಸಿದ ಪಟ್ಟಿಯಲ್ಲಿ ಮಾನಿಟರ್, ಕೀಬೋರ್ಡ್, ಯುಪಿಎಸ್, ಜನರೇಟರ್ ಇರುತ್ತಿದ್ದವು; ಕಲಿಸುವವರು ಇರುತ್ತಿರಲಿಲ್ಲ. ಸಂಬಳ ತಡವಾಗಿ ಬರುವ ಸ್ಥಿತಿಯಲ್ಲೂ ಮಕ್ಕಳನ್ನು ಹಚ್ಚಿಕೊಂಡಿದ್ದ ಆ ‘ಕಂಪ್ಯೂಟರ್ ಮಿಸ್’ಗಳು ಒಂದು ಬೇಸಿಗೆ ರಜೆಯ ನಂತರ ಬರಲೇ ಇಲ್ಲ. ಬ್ಯಾಟರಿ ಸತ್ತಿತು, ಗ್ರಿಲ್ಲಿಗೆ ಬೀಗ ಬಿತ್ತು. ನಮ್ಮ ಕಡೆ ಕಂಪ್ಯೂಟರ್ ಶಿಕ್ಷಣ ಹಿಂದೆ ಬಿದ್ದದ್ದು ಯಂತ್ರದ ಕೊರತೆಯಿಂದ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹುದ್ದೆ ಇರಲಿಲ್ಲ, ಅಷ್ಟೇ. ಕನ್ನಡಕ್ಕೆ, ಗಣಿತಕ್ಕೆ, ದೈಹಿಕ ಶಿಕ್ಷಣಕ್ಕೆ ಒಬ್ಬೊಬ್ಬರು ಕಾಯಂ ಮೇಷ್ಟ್ರು ಇದ್ದ ಹಾಗೆ ಇದಕ್ಕೊಬ್ಬರು ಇರಲಿಲ್ಲ.

ಹೀಗಾಗಿ ಎಸ್ಸೆಸ್ಸೆಲ್ಸಿ ಮುಗಿಸಿ, ವಿಜ್ಞಾನ, ಗಣಿತದ ಜೊತೆ ಕಂಪ್ಯೂಟರ್ ಇರುವ ‘ಪಿಸಿಎಂಸಿ’ ಎಂದು ಬರೆದುಕೊಡುವ ಹಳ್ಳಿಯ ಮಕ್ಕಳಿಗೆ ಕಂಪ್ಯೂಟರ್ ಒಂದು ವಿಷಯವಾಗಿ ಎದುರಾಗುತ್ತಿದ್ದುದು ನಮ್ಮ ಪಿಯು ಕಾಲೇಜಿನ ಲ್ಯಾಬಿನಲ್ಲೇ. ನಾನು ಪಾಠ ಮಾಡಿದ ಬಹುಪಾಲು ವರ್ಷಗಳಲ್ಲಿ ಆ ಲ್ಯಾಬಿನ ದೇವರು ಟರ್ಬೊ ಸಿ++. ಕಡುನೀಲಿ ಪರದೆ, ಹಳದಿ ಅಕ್ಷರ. ಕಂಟ್ರೋಲ್ ಎಫ್9 ಒತ್ತಿದರೆ ಪ್ರೋಗ್ರಾಂ ಓಡುತ್ತದೆ. ಓಡಿದ್ದು ಗೊತ್ತೇ ಆಗುವುದಿಲ್ಲ, ಫಲಿತಾಂಶ ನೋಡಲು ಆಲ್ಟ್ ಎಫ್5 ಒತ್ತಬೇಕು. ಅದಕ್ಕೇ ಕೊನೆಯ ಸಾಲಿನಲ್ಲಿ ‘ಗೆಟ್‌ಸಿಎಚ್’ ಬರೆದು ಪರದೆಯನ್ನು ಹಿಡಿದು ನಿಲ್ಲಿಸುವುದು, ಮೊದಲ ಸಾಲಿನಲ್ಲಿ ‘ಸಿಎಲ್ಆರ್‌ಎಸ್‌ಸಿಆರ್’ ಬರೆದು ಹಳೆಯದನ್ನು ಅಳಿಸುವುದು. 1998ರಲ್ಲೇ ಸಿ++ಗೆ ಅಂತಾರಾಷ್ಟ್ರೀಯ ಮಾನದಂಡ ಬಂದು, ‘ಐಒಸ್ಟ್ರೀಮ್ ಡಾಟ್ ಎಚ್’ ಎಂಬ ಹಳೆಯ ತಲೆಸಾಲಿಗೆ ಅದರಲ್ಲಿ ಜಾಗ ಇಲ್ಲದಾಗಿತ್ತು. ನಮ್ಮ ಮಕ್ಕಳು ಅದಾದ ಎಷ್ಟೋ ವರ್ಷದ ಮೇಲೂ ರೆಕಾರ್ಡ್ ಬುಕ್ಕಿನಲ್ಲಿ ಅದನ್ನೇ ಅಂದವಾಗಿ ಬರೆದು ಅಡಿಗೆರೆ ಎಳೆಯುತ್ತಿದ್ದರು. ಹೊಸ ವಿಂಡೋಸ್ ಬಂದು ಟರ್ಬೊ ತೆರೆಯದೆ ಹೋದಾಗ, ಹಳೆಯ ಡಾಸ್‌ನಂತೆ ನಟಿಸುವ ಡಾಸ್‌ಬಾಕ್ಸ್ ಹಾಕಿ ಅದರೊಳಗೆ ಟರ್ಬೊವನ್ನು ಕೂರಿಸಿ ಪಾಠ ಮುಂದುವರಿಸಿದೆವು.

ಪಠ್ಯದ ಅರ್ಧಕ್ಕೆ ಕರೆಂಟೇ ಬೇಕಿರಲಿಲ್ಲ ಎನ್ನುವುದು ಲೋಡ್‌ಶೆಡ್ಡಿಂಗ್ ದಿನಗಳಲ್ಲಿ ದೊಡ್ಡ ಸಮಾಧಾನ. ಲಾಜಿಕ್ ಗೇಟು, ಸ್ಟ್ಯಾಕು, ಕ್ಯೂ, ಎಲ್ಲಕ್ಕಿಂತ ಹೆಚ್ಚಾಗಿ ಕೆ-ಮ್ಯಾಪು. ಬೆಲ್ ಪ್ರಯೋಗಾಲಯದಲ್ಲಿದ್ದ ಮಾರಿಸ್ ಕಾರ್ನೋ 1953ರಲ್ಲಿ ಮುಂದಿಟ್ಟ ಈ ಹದಿನಾರು ಮನೆಗಳ ಚೌಕದಲ್ಲಿ ಪಕ್ಕಪಕ್ಕದ ಒಂದುಗಳನ್ನು ಎರಡು, ನಾಲ್ಕು, ಎಂಟರ ಗುಂಪಾಗಿ ಸುತ್ತುಹಾಕಿ ಉದ್ದದ ಸಮೀಕರಣವನ್ನು ಚಿಕ್ಕದು ಮಾಡಬೇಕು. ಎಡಗಡೆಯ ಅಂಚು ಬಲಗಡೆಯ ಅಂಚಿಗೆ, ಮೇಲಿನದು ಕೆಳಗಿನದಕ್ಕೆ ನೆರೆ ಎಂಬುದನ್ನು ಹಿಡಿಯುವುದೇ ಅದರ ಗುಟ್ಟು. ಚೌಕಾಬಾರ ಆಡಿ ಬೆಳೆದ ಮಕ್ಕಳು ಅದನ್ನು ಎಷ್ಟು ಬೇಗ ಹಿಡಿಯುತ್ತಿದ್ದರು! ಪಟ್ಟಣದಲ್ಲಿ ಸಿಬಿಎಸ್‌ಇ ಓದಿ, ಮನೆಯಲ್ಲೇ ಯಂತ್ರ ಇಟ್ಟುಕೊಂಡಿದ್ದವರಿಗೂ ಇವರಿಗೂ ಲ್ಯಾಬಿನಲ್ಲಿ ಅಜಗಜಾಂತರವಿತ್ತು. ಬೋರ್ಡಿನ ಮುಂದೆ, ಸೀಮೆಸುಣ್ಣ ಕೈಗೆ ಬಂದಾಗ, ಆ ಅಂತರ ಕಾಣುತ್ತಿರಲಿಲ್ಲ. ಹಳ್ಳಿಯ ಮಕ್ಕಳ ತಲೆಯಲ್ಲಿ ಏನೂ ಕಡಿಮೆಯಿಲ್ಲ ಎಂಬ ನನ್ನ ನಂಬಿಕೆ ಗಟ್ಟಿಯಾದದ್ದು ಅಲ್ಲಿ.

ಹೈಸ್ಕೂಲಿನ ಬೀಗವೂ ಕೆಲವು ಕಡೆ ತೆರೆಯಿತು. 2011ರ ಸುಮಾರಿಗೆ ಶುರುವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ, ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯ ಜೊತೆಗೂಡಿ, ಗಣಿತ, ವಿಜ್ಞಾನದ ಮೇಷ್ಟ್ರುಗಳೇ ಉಬುಂಟು ಕಲಿತರು, ಜಿಯೋಜೀಬ್ರಾ ಕಲಿತರು. ಪಕ್ಕದ ಹಳ್ಳಿಯ ಗಣಿತದ ಮೇಷ್ಟ್ರೊಬ್ಬರು ತ್ರಿಭುಜದ ಮೂಲೆ ಹಿಡಿದು ಎಳೆದೆಳೆದು, ಕೋನಗಳ ಮೊತ್ತ 180 ಡಿಗ್ರಿಯಲ್ಲೇ ನಿಲ್ಲುವುದನ್ನು ತೋರಿಸುತ್ತಿದ್ದರು. ಅದು ಗುತ್ತಿಗೆ ಮುಗಿದು ಧೂಳು ಹಿಡಿದಿದ್ದ ಅದೇ ಯಂತ್ರ. ಮುಂದೆ 2016ರ ಹೊತ್ತಿಗೆ ಬಂದ, ತಂತ್ರಜ್ಞಾನದ ನೆರವಿನ ಕಲಿಕೆಯ ‘ಟಾಲ್ಪ್’ ತರಬೇತಿಯೂ ಶಿಕ್ಷಕರನ್ನೇ ನೆಚ್ಚಿಕೊಂಡಿತು. ಆದರೆ ಇವೆಲ್ಲ ಕಂಪ್ಯೂಟರಿನಿಂದ ಬೇರೆ ಪಾಠ ಕಲಿಸುವ ದಾರಿಗಳು. ಪ್ರೋಗ್ರಾಂ ಬರೆಯುವುದು ಹತ್ತನೆಯ ತರಗತಿಯವರೆಗೆ ನಮ್ಮ ಮಕ್ಕಳಿಂದ ದೂರವೇ ಉಳಿಯಿತು.

ಈಗ ಪಿಯುಸಿಗೆ ಪೈಥಾನ್ ಬಂದಿದೆ. ಮೊದಲ ದಿನವೇ ಒಂದು ಸಾಲು ಬರೆದು ಉತ್ತರ ನೋಡಬಹುದು. ತಲೆಸಾಲಿಲ್ಲ, ಪುಷ್ಪಾವರಣವಿಲ್ಲ, ಸೆಮಿಕೋಲನ್ ಬಿಟ್ಟುಹೋಯಿತೆಂಬ ಗೋಳಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರೂ ಅಪ್ಪನ ಫೋನಿನಲ್ಲಿ ಅಭ್ಯಾಸ ಮಾಡಿಕೊಂಡು ಬರುತ್ತಾರೆ. ಚರಾಂಶದ ಹೆಸರನ್ನೂ ಕನ್ನಡದಲ್ಲಿಡಬಹುದು. ಹುಡುಗನೊಬ್ಬ ‘ಕೊಬ್ಬರಿ_ಬೆಲೆ’ ಎಂದು ಹೆಸರಿಟ್ಟು ತಿಪಟೂರು ಮಾರುಕಟ್ಟೆಯ ಲೆಕ್ಕ ಬರೆದ, ದೋಷವಿಲ್ಲದೆ ಓಡಿತು. ಟರ್ಬೊ ಕಾಲದಲ್ಲಿ ಇದನ್ನು ಯಾರೂ ಯೋಚಿಸುವ ಹಾಗಿರಲಿಲ್ಲ.

ಅಡ್ಮಿಷನ್ ಸಮಯದಲ್ಲಿ ಬರುವ ತಂದೆತಾಯಿಗಳ ಪ್ರಶ್ನೆ ಮಾತ್ರ ಬದಲಾಗಿಲ್ಲ. “ಮೇಡಂ, ಸಿಇಟೀಲಿ ಕಂಪ್ಯೂಟರ್ ಪೇಪರ್ರೇ ಇಲ್ವಂತಲ್ಲ, ಮತ್ತೆ ತಗೊಂಡು ಏನ್ ಪ್ರಯೋಜನ?” ನಿಜ, ಪತ್ರಿಕೆಯಿಲ್ಲ. ಈ ಕಾರಣಕ್ಕೇ ಜನವರಿ ಬಂತೆಂದರೆ ಮಕ್ಕಳು ನನ್ನ ಕ್ಲಾಸಿನಲ್ಲಿ ಭೌತಶಾಸ್ತ್ರದ ಪುಸ್ತಕ ಬಿಡಿಸಿಕೊಳ್ಳುತ್ತಾರೆ. ಸಿಇಟಿ ಒಂದೇ ದಾರಿಯಲ್ಲ ಎಂದು ನಾನು ಆ ತಂದೆತಾಯಿಗಳನ್ನು ಕೂರಿಸಿ ಹೇಳುತ್ತೇನೆ. ಎಸ್ಸೆಸ್ಸೆಲ್ಸಿಯಿಂದ ನೇರ ಪಾಲಿಟೆಕ್ನಿಕ್ಕಿಗೆ ಹೋಗಿ, ಮೂರು ವರ್ಷದ ಡಿಪ್ಲೊಮಾ ಮುಗಿಸಿ ಡಿಸಿಇಟಿ ಬರೆದರೆ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಸೇರಬಹುದು. ಕಾಮರ್ಸಿನಲ್ಲಿ ಸಿಇಬಿಎ ತೆಗೆದುಕೊಂಡರೆ ಅಕೌಂಟೆನ್ಸಿ ಜೊತೆಗೆ ನನ್ನದೇ ಕ್ಲಾಸು, ಅದೇ ಪೈಥಾನ್. ಅಲ್ಲಿಂದ ಬಿಸಿಎ, ಮುಂದೆ ಎಂಸಿಎ. ಕಾಮರ್ಸ್ ಅಂದರೆ ಕಂಪ್ಯೂಟರ್ ತಪ್ಪಿಹೋಗುತ್ತದೆಂದು ಹೆದರಿ ಮಗಳನ್ನು ವಾಪಸ್ಸು ಕರೆದೊಯ್ಯಲು ಹೊರಟ ತಾಯಿಯೊಬ್ಬರಿಗೆ ಇದನ್ನು ಬಿಳಿಹಾಳೆಯ ಮೇಲೆ ಬಾಣದ ಗುರುತು ಹಾಕಿ ಬರೆದುಕೊಟ್ಟೆ. ಅವರು ಕ್ಯೂನಲ್ಲಿ ಹಿಂದೆ ನಿಂತವರಿಗೂ ತೋರಿಸಿ, ಮಗಳ ಅರ್ಜಿ ಕೊಟ್ಟು ಫೀಸು ಕಟ್ಟಿದರು.