ಸಿಂಗಟಾಲೂರಿನ ಹೊಳೆಯ ದಂಡೆಯಲ್ಲಿ

ಗದಗಿನಿಂದ ಡಂಬಳದ ಮಾರ್ಗವಾಗಿ ಮುಂಡರಗಿಗೆ ಹೋಗುವವರಿಗೆ ಬಲಗಡೆಯಲ್ಲಿ ಕಪ್ಪತಗುಡ್ಡದ ಸಾಲು ಬಹುದೂರ ಜೊತೆಗೊಡುತ್ತದೆ. ಮುಂಡರಗಿಯನ್ನು ದಾಟಿ ಎರೆಯ ಹೊಲಗಳ ನಡುವೆ ಮುಂದುವರಿದರೆ ತುಂಗಭದ್ರೆಯ ದರ್ಶನವಾಗುವುದು. ಆಚೆಯ ದಂಡೆ ಹೂವಿನಹಡಗಲಿಯ ಸೀಮೆ, ಈಚೆಯದು ಸಿಂಗಟಾಲೂರು. ಇಲ್ಲಿಯ ವೀರಭದ್ರೇಶ್ವರನ ಸನ್ನಿಧಿಯೇ ನಮ್ಮನ್ನು ಇಷ್ಟು ದೂರ ಕರೆತಂದುದು.

ವೀರಭದ್ರನ ಕಥೆಯನ್ನು ನಮ್ಮ ವಾಚಕರು ಬಾಲ್ಯದಿಂದ ಕೇಳಿದವರೇ. ದಕ್ಷನ ಯಜ್ಞದಲ್ಲಿ ಅವಮಾನವನ್ನು ಸಹಿಸಲಾರದೆ ಸತೀದೇವಿಯು ದೇಹತ್ಯಾಗ ಮಾಡಿದಳು. ಶಿವನು ದುಃಖದಿಂದ ಜಟೆಯನ್ನು ಕಿತ್ತು ನೆಲಕ್ಕಪ್ಪಳಿಸಿದನು. ಅದರಿಂದ ವೀರಭದ್ರನು ಹುಟ್ಟಿದನು. ಯಜ್ಞವು ಧ್ವಂಸವಾಯಿತು, ದಕ್ಷನ ತಲೆ ಉರುಳಿತು. ಆದರೆ ಕಥೆಯು ಅಲ್ಲಿಗೆ ಮುಗಿಯುವುದಿಲ್ಲ. ದಕ್ಷನಿಗೆ ಟಗರಿನ ತಲೆಯನ್ನಿಟ್ಟು ಮರಳಿ ಜೀವವನ್ನು ಕೊಡಲಾಯಿತು. ನಿಂತುಹೋದ ಯಜ್ಞವೂ ಪೂರ್ಣವಾಯಿತು. ದುಃಖ, ಕೋಪ, ಬಳಿಕ ಶಾಂತಿ—ಇದೇ ಕ್ರಮ.

ಈ ಕ್ರಮವನ್ನು ನಮ್ಮ ನಾಡಿನವರು ಬಾಯಿಂದ ಹೇಳಿ ಮಾತ್ರ ಬಿಡಲಿಲ್ಲ, ಮೈಯಿಂದಲೂ ನಡೆಸಿ ತೋರಿಸಿದರು. ಪುರವಂತರು ಕೈಯಲ್ಲಿ ಖಡ್ಗ ಹಿಡಿದು ಒಡಪುಗಳನ್ನು ಗರ್ಜಿಸುತ್ತಾರೆ. ಸಂಬಾಳದ ಪೆಟ್ಟಿಗೆ ಹೆಜ್ಜೆ ಹಾಕುತ್ತಾರೆ. ಕೆಲವರು ಶಸ್ತ್ರ ಹಾಕಿಸಿಕೊಳ್ಳುತ್ತಾರೆ. ಹೊಸ ಗಡಿಗೆಗಳಲ್ಲಿ ಬೆಂಕಿಯನ್ನು ಹೊತ್ತು ಗುಗ್ಗುಳವು ಬೀದಿಯಲ್ಲಿ ಸಾಗುತ್ತದೆ. ಅನೇಕ ವೀರಭದ್ರ ಕ್ಷೇತ್ರಗಳಲ್ಲಿ ಭಕ್ತರು ಕೆಂಡವನ್ನೂ ಹಾಯುವರು.

ಮಹಾಭಯವನ್ನು ಕಂಡವನಿಗೆ ಆ ಭಯವು ಬರಿಯ ನೆನಪಾಗಿ ಉಳಿಯುವುದಿಲ್ಲ. ಎದೆ ಡವಗುಟ್ಟುವುದು, ಉಸಿರು ಮೊಟಕಾಗುವುದು, ನಿದ್ರೆ ಹಾರಿಹೋಗುವುದು; ಅಪಾಯ ಕಳೆದರೂ ಶರೀರವು ಕಾವಲು ಬಿಡದು. ಆದುದರಿಂದಲೇ ಈಗಿನ ಮನೋವೈದ್ಯರಲ್ಲಿ ಕೆಲವರು ಮಾತಿನ ಚಿಕಿತ್ಸೆಯ ಜೊತೆಗೆ ಉಸಿರು, ನಡಿಗೆ, ತಾಳಗಳನ್ನೂ ಉಪಯೋಗಿಸುತ್ತಾರೆ. 2004ರ ಡಿಸೆಂಬರಿನ ಸುನಾಮಿಯ ಬಳಿಕ ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದವರು ಅಂಡಮಾನಿನಲ್ಲಿ ಬದುಕುಳಿದ 47 ಜನರಿಗೆ ಒಂದು ವಾರ ಯೋಗವನ್ನು ಕಲಿಸಿದರು. ಅವರ ಭಯ, ದುಃಖ, ನಿದ್ರಾಭಂಗಗಳು ಕಡಮೆಯಾದುವೆಂದು 2007ರಲ್ಲಿ ಪ್ರಕಟವಾಯಿತು. ಇದು ಹೋಲಿಕೆಗೆ ಬೇರೊಂದು ಗುಂಪಿಲ್ಲದ ಚಿಕ್ಕ ಪರೀಕ್ಷೆ. ಆದರೂ ದಾರಿಯನ್ನು ತೋರಿಸುತ್ತದೆ.

ಕೆಂಡ ಹಾಯುವುದರ ಪರೀಕ್ಷೆಯೂ ನಡೆದಿದೆ. ಸ್ಪೇನ್ ದೇಶದ ಸಾನ್ ಪೆದ್ರೋ ಮಾನ್ರಿಕೆ ಎಂಬ ಹಳ್ಳಿಯಲ್ಲಿ ಜನರು ಜೂನ್ ತಿಂಗಳ ಒಂದು ರಾತ್ರಿ ಕೆಂಡ ತುಳಿಯುವರು. ವಿದ್ವಾಂಸರು ಅವರ ಹೃದಯದ ಬಡಿತವನ್ನು ಅಳೆದು 2011ರಲ್ಲಿ ಫಲವನ್ನು ಪ್ರಕಟಿಸಿದರು. ಹಾಯುವವನ ಬಡಿತದೊಡನೆ, ಸುಮ್ಮನೆ ಕುಳಿತು ನೋಡುತ್ತಿದ್ದ ಅವನ ಬಂಧುಮಿತ್ರರ ಬಡಿತವೂ ಹೊಂದಿಕೊಂಡು ಏರಿಳಿಯಿತು. ಸಂಬಂಧವಿಲ್ಲದ ಪ್ರೇಕ್ಷಕರಲ್ಲಿ ಹಾಗಾಗಲಿಲ್ಲ. ಒಬ್ಬನ ಕಷ್ಟವನ್ನು ತನ್ನವರೆಲ್ಲರ ಎದೆ ಹಂಚಿಕೊಳ್ಳುವುದೆಂದರೆ ಇದೇ ಅಲ್ಲವೇ?

ಹಾಗೆಂದು ನೊಂದವರನ್ನೆಲ್ಲ ಕೆಂಡದ ಮುಂದೆ ನಿಲ್ಲಿಸಬೇಕೆಂದು ಯಾರೂ ತಿಳಿಯತಕ್ಕದ್ದಲ್ಲ. ಬಲವಂತದ ಬೆಂಕಿಯೂ ಬಲವಂತದ ಡೋಲೂ ಹಳೆಯ ಭಯವನ್ನು ಕೆರಳಿಸಬಲ್ಲವು. ತಾನಾಗಿ ಒಪ್ಪಿ, ತನ್ನವರ ನಡುವೆ ನಿಂತು ಮಾಡಿದುದಕ್ಕೆ ಮಾತ್ರ ಬೆಲೆ. ತಿಂಗಳು ಕಳೆದರೂ ನಿದ್ರೆ ಬಾರದೆ, ಭಯ ತಗ್ಗದೆ ಇದ್ದರೆ ವೈದ್ಯರ ಬಳಿಗೆ ಹೋಗಲೇಬೇಕು. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416ರಲ್ಲಿ ಹಣ ಕೊಡದೆ ಮಾತಾಡಬಹುದು.

ಈ ವಿಚಾರವು ಸಿಂಗಟಾಲೂರಿನ ಸೀಮೆಗೆ ಪರಕೀಯವಲ್ಲ. ಈ ಊರಿನ ಹೆಸರನ್ನೇ ಹೊತ್ತ ಏತ ನೀರಾವರಿ ಯೋಜನೆಗಾಗಿ ಹಮ್ಮಿಗಿಯ ಬಳಿ ಹೊಳೆಗೆ ಅಡ್ಡಗಟ್ಟಿದರು. ಒಣಹೊಲಗಳಿಗೆ ನೀರು ಬರಲೆಂಬುದು ಉದ್ದೇಶ. ಅದಕ್ಕಾಗಿ ದಂಡೆಯ ಹಳ್ಳಿಗಳ ಜನ ಮನೆ ಬಿಡಬೇಕಾಯಿತು. ಮನೆಗೆ ಬೆಲೆ ಕಟ್ಟಬಹುದು. ಆದರೆ ಕತ್ತಲಲ್ಲಿಯೂ ಹೊಸ್ತಿಲನ್ನು ಗುರುತಿಸುವ ಪಾದಕ್ಕೆ, ಹೊಳೆಯ ಮೆಟ್ಟಿಲಿನ ಲೆಕ್ಕವನ್ನರಿತ ಮೊಣಕಾಲಿಗೆ, ಯಾವ ಪರಿಹಾರ? ಆ ನೆನಪು ಕಾಗದದಲ್ಲಿಲ್ಲ, ಮೈಯಲ್ಲಿದೆ. ಹೊಸ ಊರಿನಲ್ಲಿ ಸಾಲು ಮನೆಗಳನ್ನು ಕಟ್ಟಿಸುವವರು ಕಟ್ಟೆಯನ್ನೂ, ಗುಡಿಯ ಮುಂದೆ ಜನ ಸೇರುವ ಬಯಲನ್ನೂ, ಮೆರವಣಿಗೆ ಹೋಗುವಷ್ಟು ಅಗಲದ ಬೀದಿಯನ್ನೂ ಮರೆಯಬಾರದು. ಕೂಡಿ ಹೆಜ್ಜೆ ಹಾಕಲು ಸ್ಥಳವಿಲ್ಲದ ಊರಿನಲ್ಲಿ ಪ್ರತಿಯೊಬ್ಬನೂ ತನ್ನ ದುಃಖವನ್ನು ಒಬ್ಬನೇ ಹೊರಬೇಕಾಗುತ್ತದೆ.